ಹತ್ತದೆ ಹೋದವರ ಲೆಕ್ಕ

ರಾತ್ರಿ ಹತ್ತೂವರೆಯ ಹೊತ್ತಿಗೆ ಯಾವುದಾದರೊಂದು ಬಸ್ ಡಿಪೋದ ಕ್ಯಾಷ್ ಕೌಂಟರಿನ ಬಳಿ ನಿಂತು ನೋಡಬೇಕು. ಎರಡನೇ ಪಾಳಿ ಮುಗಿಸಿದ ಕಂಡಕ್ಟರುಗಳು ಚೀಲ ಬಗ್ಗಿಸಿ ಹತ್ತರ ನೋಟು, ಇಪ್ಪತ್ತರ ನೋಟು, ಚಿಲ್ಲರೆ ಎಂದು ಬೇರೆ ಮಾಡುತ್ತಿರುತ್ತಾರೆ. ಟಿಕೆಟ್ ಯಂತ್ರ ಒಪ್ಪಿಸಿದ ಕೂಡಲೇ ದಿನದ ಕತೆಯೆಲ್ಲ ಹೊರಬರುತ್ತದೆ: ಎಷ್ಟು ಟ್ರಿಪ್, ಎಷ್ಟು ಕಿಲೋಮೀಟರ್, ಯಾವ ಸ್ಟಾಪಿನಿಂದ ಯಾವ ಸ್ಟಾಪಿಗೆ ಎಷ್ಟು ಟಿಕೆಟ್, ಒಟ್ಟು ಎಷ್ಟು ಹಣ. ಒಂದು ರೂಪಾಯಿ ಕಡಿಮೆ ಬಿದ್ದರೂ ಕಂಡಕ್ಟರು ತನ್ನ ಜೇಬಿನಿಂದ ತುಂಬಬೇಕು. ಅಷ್ಟು ಬಿಗಿಯಾದ ಲೆಕ್ಕ ಅದು.

ಆ ಲೆಕ್ಕದಲ್ಲಿ ಒಬ್ಬ ಮನುಷ್ಯ ಮಾತ್ರ ಎಲ್ಲಿಯೂ ಸಿಗುವುದಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಸ್ಟಾಪಿಗೆ ಬಂದು ಇಪ್ಪತ್ತು ನಿಮಿಷ ಕಾದು, ಬಂದ ಬಸ್ಸಿನ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲದೆ ಹಿಂದೆ ಸರಿದು, ಕೊನೆಗೆ ಷೇರ್ ಆಟೋ ಹತ್ತಿ ಹೋದವನು. ಅವನು ಟಿಕೆಟ್ ಕೊಳ್ಳಲಿಲ್ಲ, ಹಾಗಾಗಿ ಯಂತ್ರದ ಪಾಲಿಗೆ ಅವನು ಇಲ್ಲ. ಮುಂದಿನ ತಿಂಗಳು ಕಂತಿನ ಮೇಲೆ ಸ್ಕೂಟರ್ ಕೊಂಡರೂ ಆ ಸುದ್ದಿ ಡಿಪೋಗೆ ಮುಟ್ಟುವುದಿಲ್ಲ. ಆ ಮಾರ್ಗದ ಗಳಿಕೆ ಸ್ವಲ್ಪ ಇಳಿದಿದೆ ಎಂಬುದಷ್ಟೇ ಗೊತ್ತಾಗುತ್ತದೆ.

ನಗರದ ಬಸ್ ಮಾರ್ಗಗಳನ್ನು ನಾವು ಅಳೆಯುವ ಕ್ರಮದಲ್ಲಿರುವ ದೊಡ್ಡ ಲೋಪ ಇದೇ ಎಂದು ನನಗೆ ಅನಿಸುತ್ತದೆ. ಬಸ್ಸು ಎಷ್ಟು ದುಡಿಯಿತು ಎಂದು ಕೇಳುತ್ತೇವೆ, ಜನ ಎಷ್ಟು ಕಾದರು ಎಂದು ಕೇಳುವುದಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದೆ ಮೊದಲನೆಯದರ ಉತ್ತರವೂ ಅರ್ಥವಾಗುವುದಿಲ್ಲ.

ನಮ್ಮ ಸಾರಿಗೆ ನಿಗಮಗಳ ಮಾತುಕತೆಯಲ್ಲಿ ಪದೇ ಪದೇ ಕೇಳಿಬರುವ ಅಳತೆ ಇ.ಪಿ.ಕೆ.ಎಂ., ಅಂದರೆ ಕಿಲೋಮೀಟರಿಗೆ ಬಂದ ಗಳಿಕೆ. ಅದರ ಪಕ್ಕದಲ್ಲೇ ಕಿಲೋಮೀಟರಿಗೆ ತಗುಲಿದ ಖರ್ಚು, ಮತ್ತು ಲೋಡ್ ಫ್ಯಾಕ್ಟರ್, ಅಂದರೆ ಇದ್ದ ಸೀಟಿನಲ್ಲಿ ಎಷ್ಟು ಭಾಗ ತುಂಬಿತು ಎಂಬ ಶೇಕಡಾವಾರು. ಇವು ಕೆಲಸಕ್ಕೆ ಬಾರದ ಅಳತೆಗಳಲ್ಲ. 1997ರಲ್ಲಿ ಬೆಂಗಳೂರಿನ ನಗರ ಸಾರಿಗೆ ಕೆಎಸ್‌ಆರ್‌ಟಿಸಿಯಿಂದ ಬೇರೆಯಾಗಿ ಬಿಎಂಟಿಸಿ ಎಂಬ ಸ್ವತಂತ್ರ ನಿಗಮವಾದಾಗ ತನ್ನ ಡೀಸೆಲ್ಲಿಗೆ, ಸಂಬಳಕ್ಕೆ, ಟೈರಿಗೆ ತಾನೇ ಹಣ ಹೊಂದಿಸಿಕೊಳ್ಳಬೇಕಾಯಿತು. ಹಣ ಎಲ್ಲಿ ಬರುತ್ತಿದೆ, ಎಲ್ಲಿ ಸೋರುತ್ತಿದೆ ಎಂದು ನೋಡದ ಸಂಸ್ಥೆ ಹೆಚ್ಚು ದಿನ ಬಾಳುವುದಿಲ್ಲ. ಇ.ಪಿ.ಕೆ.ಎಂ. ಸೋರಿಕೆ ತೋರಿಸುವ ಒಳ್ಳೆಯ ಉಪಕರಣ. ಥರ್ಮಾಮೀಟರ್ ಇದ್ದ ಹಾಗೆ. ಜ್ವರ ಎಷ್ಟಿದೆ ಎಂದು ಹೇಳುತ್ತದೆ, ಜ್ವರ ಏಕೆ ಬಂತು ಎಂದು ಹೇಳುವುದಿಲ್ಲ. ತೊಂದರೆ ಹುಟ್ಟುವುದು ಥರ್ಮಾಮೀಟರ್ ನೋಡಿ ರೋಗಿಯ ಊಟ ನಿಲ್ಲಿಸಿದಾಗ.

ಗಳಿಕೆ ಕಡಿಮೆ ಎಂದು ಒಂದು ಮಾರ್ಗದಿಂದ ಎರಡು ಶೆಡ್ಯೂಲ್, ಅಂದರೆ ಎರಡು ಬಸ್ಸುಗಳ ದಿನದ ಓಟ, ತೆಗೆದರು ಎಂದುಕೊಳ್ಳಿ. ಹದಿನೈದು ನಿಮಿಷಕ್ಕೊಂದು ಇದ್ದ ಬಸ್ಸು ಇಪ್ಪತ್ತೈದು ನಿಮಿಷಕ್ಕೊಂದಾಗುತ್ತದೆ. ಬೇರೆ ದಾರಿ ಇರುವವರು ಬೇರೆ ದಾರಿ ಹಿಡಿಯುತ್ತಾರೆ. ಆರು ತಿಂಗಳ ನಂತರ ಗಳಿಕೆ ಇನ್ನಷ್ಟು ಇಳಿದಿರುತ್ತದೆ, ‘ನೋಡಿ, ಜನ ಇಲ್ಲದ ಮಾರ್ಗ’ ಎಂದು ಇನ್ನೊಂದು ಶೆಡ್ಯೂಲ್ ತೆಗೆಯಲು ಕಾಗದದ ಮೇಲೆ ಕಾರಣವೂ ಸಿದ್ಧವಾಗಿರುತ್ತದೆ. ಕೊನೆಗೆ ಬೆಳಿಗ್ಗೆ ಒಂದು, ಸಂಜೆ ಒಂದು ಟ್ರಿಪ್ ಉಳಿದು, ಅದೂ ಒಂದು ದಿನ ಸದ್ದಿಲ್ಲದೆ ನಿಲ್ಲುತ್ತದೆ. ಇಲ್ಲಿ ಅಂಕಿ ಎಲ್ಲಿಯೂ ಸುಳ್ಳು ಹೇಳಿಲ್ಲ. ನಾವು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದೆ. ಪ್ರಶ್ನೆಯೇ ತಪ್ಪಿತ್ತು.

ಗಳಿಕೆಯ ಅಳತೆಗೆ ಇನ್ನೂ ಎರಡು ಕುರುಡು ಜಾಗಗಳಿವೆ. ತಿಂಗಳ ಪಾಸಿನವರು ಹತ್ತಿದಾಗ ಯಂತ್ರದಿಂದ ಚೀಟಿ ಹೊರಬರುವುದಿಲ್ಲ. ಕಾಲೇಜು ಹುಡುಗರು, ಆಫೀಸಿನ ಖಾಯಂ ಪ್ರಯಾಣಿಕರು ತುಂಬಿದ ಬಸ್ಸು ಕಾಗದದ ಮೇಲೆ ಅರ್ಧ ಖಾಲಿಯಾಗಿ ಕಾಣಬಹುದು. ಹಾಗೆಯೇ ಬಡಾವಣೆಯ ಒಳಗಿಂದ ಮೆಟ್ರೊ ನಿಲ್ದಾಣಕ್ಕೋ ಮುಖ್ಯರಸ್ತೆಗೋ ಜನರನ್ನು ತಂದುಬಿಡುವ ಪುಟ್ಟ ಫೀಡರ್ ಮಾರ್ಗ. ಅದರಲ್ಲಿ ಐದಾರು ರೂಪಾಯಿಯ ಟಿಕೆಟ್ ಕೊಂಡವರು ಮುಂದೆ ದೊಡ್ಡ ಬಸ್ಸಿನಲ್ಲೋ ಮೆಟ್ರೊದಲ್ಲೋ ಮೂವತ್ತು ರೂಪಾಯಿ ಕೊಡುತ್ತಾರೆ. ಫೀಡರ್ ನಷ್ಟದಲ್ಲಿದೆ, ಮುಖ್ಯರಸ್ತೆಯ ದೊಡ್ಡ ಮಾರ್ಗ ಲಾಭದಲ್ಲಿದೆ ಎನ್ನುವುದು ಹಳ್ಳಕ್ಕೆ ನೀರಿಲ್ಲ, ಕೆರೆ ಮಾತ್ರ ತುಂಬಿದೆ ಎಂದಂತೆ. ಹಳ್ಳ ಮುಚ್ಚಿದ ಮೇಲೆ ಕೆರೆ ಎಷ್ಟು ದಿನ ತುಂಬಿರುತ್ತದೆ?

ಇದೆಲ್ಲ ಹಳೆಯ ಕತೆ. 2023ರ ಜೂನ್ 11ರಿಂದ ಹೊಸದೊಂದು ಸೇರಿದೆ. ಅಂದು ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಟಿಕೆಟ್ ಪಡೆದು ಓಡಾಡುತ್ತಾರೆ, ಆ ಟಿಕೆಟ್ಟಿನ ಬೆಲೆಯನ್ನು ಸರ್ಕಾರ ನಿಗಮಕ್ಕೆ ಭರಿಸಬೇಕು. ಈ ಯೋಜನೆಯ ಪರ ವಿರೋಧದ ವಾದ ಇಲ್ಲಿ ಬೇಡ. ಅಳತೆಯ ಮಟ್ಟಿಗೆ ಅದರಿಂದ ಆದದ್ದು ಇಷ್ಟು: ಪ್ರಯಾಣಿಕರಲ್ಲಿ ಬಹುದೊಡ್ಡ ಪಾಲಿನವರು ಜೇಬಿನಿಂದ ಹಣ ಕೊಡುವುದು ನಿಂತಿತು. ದುಡ್ಡು ಕೊಡದವರು ಬಸ್ಸಿಗೆ ಕೊಡುವ ಬೆಲೆ ಒಂದೇ, ಅದು ಹೊತ್ತು. ಆಕೆ ಸ್ಟಾಪಿನಲ್ಲಿ ಕಾದ ಇಪ್ಪತ್ತು ನಿಮಿಷವೇ ಆಕೆಯ ಟಿಕೆಟ್ ದರ. ಗಾರ್ಮೆಂಟ್ ಕಾರ್ಖಾನೆಯ ಗೇಟಿಗೆ ಹತ್ತು ನಿಮಿಷ ತಡವಾದರೆ ಅದಕ್ಕೆ ದಂಡ ಬೇರೆ. ಈ ದರ ಪ್ರತಿದಿನ ಏರುತ್ತದೆ, ಇಳಿಯುತ್ತದೆ. ಅದನ್ನು ನಿಗದಿ ಮಾಡಲು ಯಾವ ಸಚಿವ ಸಂಪುಟವೂ ಸೇರುವುದಿಲ್ಲ. 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15 ಏರಿದಾಗ ರಾಜ್ಯವೆಲ್ಲ ಮಾತಾಡಿತು. ಕಾಯುವ ಹೊತ್ತು ಶೇಕಡಾ 15 ಏರಿದರೆ ಯಾವ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ?

ಬೆಂಗಳೂರಿನಲ್ಲಿ ಬಸ್ ಹತ್ತಿದ ಯಾರಿಗಾದರೂ ಗೊತ್ತಿರುವ ಮಾತೊಂದಿದೆ. ಬಸ್ಸು ಕಿಕ್ಕಿರಿದಿದೆ, ಫುಟ್‌ಬೋರ್ಡಿನಲ್ಲಿ ನಾಲ್ಕು ಜನ ಜೋತುಬಿದ್ದಿದ್ದಾರೆ, ಕೆಳಗೆ ಇನ್ನೂ ಹತ್ತು ಜನ. ಕಂಡಕ್ಟರು ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಾರೆ: “ಹಿಂದ್ಗಡೆ ಖಾಲಿ ಬಸ್ ಬರ್ತಾ ಇದೆ, ಅದ್ರಲ್ಲಿ ಬನ್ನಿ, ರೈಟ್ ರೈಟ್!” ಯಾರೂ ನಂಬುವುದಿಲ್ಲ. ನಂಬಿ ನಿಂತು ಕೆಟ್ಟವರ ಅನುಭವ ಎಲ್ಲರಿಗೂ ಇದೆ. ತಮಾಷೆಯೆಂದರೆ, ಆ ಮಾತು ಬಹಳ ಸಲ ನಿಜವೇ ಆಗಿರುತ್ತದೆ. ಎರಡೇ ನಿಮಿಷದಲ್ಲಿ ಅದೇ ನಂಬರಿನ ಇನ್ನೊಂದು ಬಸ್ಸು ಅರ್ಧ ಸೀಟು ಖಾಲಿ ಹೊತ್ತು ಬರುತ್ತದೆ.

ಈ ಜೋಡಿ ಬಸ್ಸಿನ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬಿಡಿಸಿ ನೋಡೋಣ. ಒಂದು ಮಾರ್ಗದಲ್ಲಿ ಗಂಟೆಗೆ ಆರು ಬಸ್ಸು. ಹತ್ತು ನಿಮಿಷಕ್ಕೊಂದರಂತೆ ಸಮನಾಗಿ ಬಂದರೆ ಸ್ಟಾಪಿಗೆ ಬಂದವರು ಸರಾಸರಿ 5 ನಿಮಿಷ ಕಾಯುತ್ತಾರೆ. ಅದೇ ಆರು ಬಸ್ಸು ಜೋಡಿಜೋಡಿಯಾಗಿ, ಅಂದರೆ 18 ನಿಮಿಷ ಬಿಟ್ಟು ಒಂದು, ಅದರ ಬೆನ್ನಿಗೆ 2 ನಿಮಿಷಕ್ಕೆ ಇನ್ನೊಂದು ಬಂದರೆ? ಪ್ರತಿ ಇಪ್ಪತ್ತು ನಿಮಿಷದಲ್ಲಿ ಹದಿನೆಂಟು ನಿಮಿಷದ ಜನ, ಎಂದರೆ ಹತ್ತರಲ್ಲಿ ಒಂಬತ್ತು ಮಂದಿ, ದೊಡ್ಡ ಅಂತರದೊಳಗೆ ಬಂದು ನಿಂತವರು. ಅವರು ಸರಾಸರಿ 9 ನಿಮಿಷ ಕಾಯುತ್ತಾರೆ. ಉಳಿದೊಬ್ಬ ಅದೃಷ್ಟವಂತ ಕಾಯುವುದು 1 ನಿಮಿಷ. ಒಟ್ಟು ಸರಾಸರಿ 8.2 ನಿಮಿಷ. ಬಸ್ಸು ಅಷ್ಟೇ, ಡೀಸೆಲ್ ಅಷ್ಟೇ, ಸಿಬ್ಬಂದಿ ಅಷ್ಟೇ, ಓಡಿದ ಕಿಲೋಮೀಟರೂ ಅಷ್ಟೇ. ಜನರ ಕಾಯುವಿಕೆ ಮಾತ್ರ ಶೇಕಡಾ 64 ಹೆಚ್ಚಿತು.

ನೂಕುನುಗ್ಗಲಿನ ಲೆಕ್ಕ ಇದಕ್ಕಿಂತ ವಿಚಿತ್ರ. ಮಾರ್ಗಕ್ಕೆ ನಿಮಿಷಕ್ಕೆ ಮೂವರು ಬಂದು ಸೇರುತ್ತಾರೆ ಎಂದಿಟ್ಟುಕೊಳ್ಳಿ. ಮೊದಲ ಬಸ್ಸಿಗೆ 54 ಜನ, ಹಿಂದಿನದಕ್ಕೆ 6 ಜನ. ಡಿಪೋದ ಸರಾಸರಿ ಬಸ್ಸಿಗೆ 30. ‘ಇನ್ನೂ ಸೀಟು ಮಿಗುತ್ತಿದೆಯಲ್ಲ, ದೂರೇಕೆ?’ ಎಂದು ಅಧಿಕಾರಿ ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ‘ನಿಲ್ಲಲೂ ಜಾಗವಿಲ್ಲ’ ಎಂದು ಹತ್ತರಲ್ಲಿ ಒಂಬತ್ತು ಪ್ರಯಾಣಿಕರು ಅಷ್ಟೇ ಪ್ರಾಮಾಣಿಕವಾಗಿ ಹೇಳುತ್ತಾರೆ. ಇಬ್ಬರದೂ ಸತ್ಯ. ಒಬ್ಬರು ಬಸ್ಸುಗಳ ಸರಾಸರಿ ತೆಗೆದಿದ್ದಾರೆ, ಇನ್ನೊಬ್ಬರು ಮನುಷ್ಯರ ಸರಾಸರಿ ಹೇಳುತ್ತಿದ್ದಾರೆ. ಬಸ್ಸಿಗೆ ಉಸಿರು ಕಟ್ಟುವುದಿಲ್ಲವಾದ್ದರಿಂದ ಮನುಷ್ಯರ ಸರಾಸರಿಯೇ ಮುಖ್ಯವಾಗಬೇಕು.

ಬಸ್ಸುಗಳು ಹೀಗೆ ಜೋಡಿಯಾಗುವುದು ಡ್ರೈವರುಗಳು ಟೀ ಅಂಗಡಿಯಲ್ಲಿ ಹರಟುತ್ತಾ ನಿಂತದ್ದರಿಂದ ಎಂಬ ನಂಬಿಕೆ ಗಟ್ಟಿಯಾಗಿದೆ. ನಿಜವಾದ ಕಾರಣ ರಸ್ತೆಯಲ್ಲೇ ಇದೆ. ಒಂದು ಸಿಗ್ನಲ್ಲಿನಲ್ಲಿ ಒಂದು ಬಸ್ಸು ಎರಡು ನಿಮಿಷ ಹಿಂದೆ ಬಿತ್ತು ಎನ್ನಿ. ಮುಂದಿನ ಸ್ಟಾಪಿನಲ್ಲಿ ಅದಕ್ಕಾಗಿ ಕಾದವರು ಹೆಚ್ಚಿರುತ್ತಾರೆ. ಹತ್ತಿಸಿಕೊಳ್ಳಲು ಹೆಚ್ಚು ಹೊತ್ತು, ಟಿಕೆಟ್ ಕೊಡಲು ಹೆಚ್ಚು ಹೊತ್ತು, ಇಳಿಯುವವರು ನುಸುಳಿ ಬಾಗಿಲಿಗೆ ಬರಲು ಇನ್ನೂ ಹೆಚ್ಚು ಹೊತ್ತು. ಅದು ಹಿಂದೆ ಬೀಳುತ್ತಲೇ ಹೋಗುತ್ತದೆ. ಅದರ ಹಿಂದಿನ ಬಸ್ಸಿಗೆ ಹತ್ತುವವರೇ ಇಲ್ಲದೆ ಅದು ಓಡೋಡಿ ಬಂದು ಇದರ ಬಾಲ ಹಿಡಿಯುತ್ತದೆ. ಯಾರೂ ತಪ್ಪು ಮಾಡದಿದ್ದರೂ ಹೀಗಾಗುತ್ತದೆ. ತಾನಾಗಿ ಸರಿಹೋಗುವ ಕಾಯಿಲೆ ಇದಲ್ಲ. ಯಾರಾದರೂ ನಡುವೆ ಕೈಹಾಕಿ ಬಿಡಿಸಬೇಕು.

ಕೈಹಾಕುವುದೆಂದರೆ ಏನು? ಪ್ರತಿ ಶೆಡ್ಯೂಲಿಗೂ ಡಿಪೋದಲ್ಲಿ ಫಾರಂ-4 ಎಂಬ ಹಾಳೆ ಇರುತ್ತದೆ. ಎಷ್ಟಕ್ಕೆ ಹೊರಡಬೇಕು, ಎಷ್ಟಕ್ಕೆ ಮುಟ್ಟಬೇಕು, ಊಟಕ್ಕೆ ಎಷ್ಟು ಹೊತ್ತು, ಎಲ್ಲ ಅದರಲ್ಲಿ. ಸಿಬ್ಬಂದಿಗೆ ಅದೇ ಪಂಚಾಂಗ. ರಸ್ತೆ ಖಾಲಿ ಇದ್ದ ಕಾಲದಲ್ಲಿ ಬರೆದ ಓಡುವ ಸಮಯವನ್ನು ರಸ್ತೆ ತುಂಬಿದ ಮೇಲೂ ತಿದ್ದದಿದ್ದರೆ ಡ್ರೈವರ್ ಮೊದಲ ಟ್ರಿಪ್ಪಿನಿಂದಲೇ ಸಾಲಗಾರ. ಎರಡನೇ ಟ್ರಿಪ್ಪಿಗೆ ಅರ್ಧ ಗಂಟೆ ತಡ, ಮೂರನೆಯದಕ್ಕೆ ಊಟದ ಹೊತ್ತಿನಿಂದ ಕಡ, ಕೊನೆಗೆ ಪಾಳಿ ಮುಗಿಯುವ ಹೊತ್ತಿಗೆ ಡಿಪೋ ಸೇರಲು ಟ್ರಿಪ್ ಕಟ್. ಕೊನೆಯ ನಾಲ್ಕು ಸ್ಟಾಪಿನ ಜನ ಆ ಸಂಜೆ ಬಾರದ ಬಸ್ಸಿಗೆ ಕಾಯುತ್ತಾರೆ. ಮೆಮೊ ಹೋಗುವುದು ಡ್ರೈವರಿಗೆ. ಹಾಳೆಗೆ ಮೆಮೊ ಕೊಡುವವರಿಲ್ಲ.

ಹಾಗಾಗಿ ಒಂದು ಮಾರ್ಗವನ್ನು ಸರಿಪಡಿಸಬೇಕೆಂದರೆ ಬೆಳಗಿನ ಎಂಟರ ಓಟಕ್ಕೆ ಬೇರೆ, ಮಧ್ಯಾಹ್ನದ ಎರಡರ ಓಟಕ್ಕೆ ಬೇರೆ, ರಾತ್ರಿ ಹತ್ತರ ಓಟಕ್ಕೆ ಬೇರೆ ಸಮಯ ಬರೆಯುವುದು ಮೊದಲ ಕೆಲಸ. ಎರಡನೆಯದು, ಎರಡೂ ತುದಿಯಲ್ಲಿ ಉಸಿರಾಡಲು ಒಂದಿಷ್ಟು ಬಿಡುವು. ಇದು ಸಿಬ್ಬಂದಿಯ ಮೇಲಿನ ಕನಿಕರ ಮಾತ್ರವಲ್ಲ. ಹೋಗುವ ಟ್ರಿಪ್ಪಿನ ತಡ ಬರುವ ಟ್ರಿಪ್ಪಿಗೆ ಅಂಟದಂತೆ ಹಾಕಿದ ಕಟ್ಟೆ. ಮೂರನೆಯದು, ಮಾರ್ಗದ ನಡುವೆ ಒಂದೆರಡು ಕಡೆ ಮುಂದಿನ ಬಸ್ಸಿನೊಂದಿಗಿನ ಅಂತರ ನೋಡಿ ಬಸ್ಸನ್ನು ಎರಡು ನಿಮಿಷ ತಡೆದು ಬಿಡುವ ಅಧಿಕಾರವನ್ನು ಸಂಚಾರ ನಿಯಂತ್ರಕರಿಗೆ ಕೊಡುವುದು. ಈಗ ಅವರು ಬಸ್ಸು ಹೊರಟ ಸಮಯ ಬರೆದುಕೊಳ್ಳುತ್ತಾರೆ. ಬರೆದುಕೊಂಡ ಮೇಲೆ ಏನಾದರೂ ಮಾಡುವ ಅವಕಾಶ ಅವರಿಗಿರಬೇಕು.

ಇದಕ್ಕೆ ಬೇಕಾದ ಮಾಹಿತಿ ಇಲ್ಲ ಎನ್ನುವಂತಿಲ್ಲ. ನಗರ ಬಸ್ಸುಗಳಿಗೆ ಜಿಪಿಎಸ್ ಹಾಕಿ ಸ್ಟಾಪುಗಳಲ್ಲಿ ಬರುವ ಸಮಯ ತೋರಿಸುವ ವ್ಯವಸ್ಥೆ ಮೈಸೂರಿನಲ್ಲಿ 2012ರಲ್ಲೇ ಬಂತು, ಬೆಂಗಳೂರಿನಲ್ಲಿ 2016ರಲ್ಲಿ. ಯಾವ ಬಸ್ಸು ಯಾವ ಸ್ಟಾಪನ್ನು ಎಷ್ಟು ಹೊತ್ತಿಗೆ ದಾಟಿತು ಎಂಬುದು ದಾಖಲಾಗುತ್ತದೆ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟಿನಲ್ಲಿ ಹತ್ತಿದ ಸ್ಟಾಪು, ಇಳಿಯುವ ಸ್ಟಾಪು ಎರಡೂ ಇರುತ್ತವೆ. ಬೆಂಗಳೂರು ಒಂದರಲ್ಲೇ ದಿನಕ್ಕೆ ಸುಮಾರು ನಲವತ್ತು ಲಕ್ಷ ಪ್ರಯಾಣ. ಅದರಲ್ಲಿ ಎಷ್ಟೋ ಲಕ್ಷ ಮಹಿಳೆಯರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂಬ ನಕ್ಷೆ ಪ್ರತಿ ರಾತ್ರಿ ಡಿಪೋಗಳ ಕಂಪ್ಯೂಟರಿನಲ್ಲಿ ತಾನಾಗಿ ಸಿದ್ಧವಾಗುತ್ತಿದೆ. ಹಿಂದೆ ಇಂಥ ಸಮೀಕ್ಷೆ ಮಾಡಲು ವರ್ಷ ಹಿಡಿಯುತ್ತಿತ್ತು. ಸರ್ಕಾರದಿಂದ ಹಣ ಪಡೆಯಲು ಒಟ್ಟು ಮಾಡುವ ಈ ಲೆಕ್ಕವನ್ನೇ ಮಾರ್ಗ ತಿದ್ದಲು ಬಳಸಿದರೆ ಖರ್ಚಿಲ್ಲದ ಸಮೀಕ್ಷೆಯಾಯಿತು.

ಬಸ್ಸು ದಾಟಿದ ಸಮಯ, ಟಿಕೆಟ್ಟಿನ ಲೆಕ್ಕ, ಈ ಎರಡನ್ನೂ ಕೂಡಿಸಿದರೆ ನಾವು ಹುಡುಕುತ್ತಿರುವ ಅಳತೆ ಸಿಗುತ್ತದೆ. ಲಂಡನ್ನಿನಲ್ಲಿ ಅದು ಬಹಳ ವರ್ಷದಿಂದ ಬಳಕೆಯಲ್ಲಿದೆ. ಅಲ್ಲಿ ಪದೇ ಪದೇ ಬಸ್ಸು ಬರುವ ಮಾರ್ಗಗಳಲ್ಲಿ ಯಾರೂ ವೇಳಾಪಟ್ಟಿ ನೋಡಿ ಬರುವುದಿಲ್ಲ. ಹಾಗಾಗಿ ‘ಬಸ್ಸು 8.12ಕ್ಕೆ ಬಂತೇ’ ಎಂದು ಕೇಳಿ ಪ್ರಯೋಜನವಿಲ್ಲ. ಹೇಳಿದ ಅಂತರದಲ್ಲಿ ಬಂದಿದ್ದರೆ ಜನ ಎಷ್ಟು ಕಾಯಬೇಕಿತ್ತು, ನಿಜವಾಗಿ ಎಷ್ಟು ಕಾದರು, ಇವೆರಡರ ನಡುವಿನ ವ್ಯತ್ಯಾಸ ಎಷ್ಟು ಎಂದು ಕೇಳುತ್ತಾರೆ. ಅದನ್ನು ಹೆಚ್ಚುವರಿ ಕಾಯುವಿಕೆ ಎನ್ನೋಣ. ನಮ್ಮ ಉದಾಹರಣೆಯಲ್ಲಿ ಅದು 3.2 ನಿಮಿಷ. 2001ರಿಂದ ಅಲ್ಲಿನ ಗುತ್ತಿಗೆಗಳಲ್ಲಿ ಈ ಅಂಕಿ ಇಳಿದರೆ ಬಸ್ ಓಡಿಸುವ ಕಂಪನಿಗೆ ಬೋನಸ್, ಏರಿದರೆ ಕಡಿತ.

ಇದು ನಮಗೆ ದೂರದ ಮಾತೇನಲ್ಲ. ಈಚಿನ ವರ್ಷಗಳಲ್ಲಿ ಬೆಂಗಳೂರಿಗೆ ಬಂದ ಎಲೆಕ್ಟ್ರಿಕ್ ಬಸ್ಸುಗಳು ಗುತ್ತಿಗೆಯವು. ಡ್ರೈವರ್ ಕಂಪನಿಯವರು, ಕಂಡಕ್ಟರ್ ನಿಗಮದವರು, ಕಂಪನಿಗೆ ಕೊಡುವ ಹಣ ಕಿಲೋಮೀಟರ್ ಲೆಕ್ಕದಲ್ಲಿ. ಕಿಲೋಮೀಟರಿಗೆ ಹಣ ಕೊಟ್ಟರೆ ಸಿಗುವುದು ಕಿಲೋಮೀಟರ್. ಎರಡು ಬಸ್ಸು ಒಂದರ ಬಾಲ ಒಂದು ಹಿಡಿದು ಓಡಿದರೂ ಕಿಲೋಮೀಟರಿಗೆ ಊನವಿಲ್ಲ. ಅಂತರ ಕಾಯ್ದುಕೊಂಡದ್ದಕ್ಕೂ ಬೆಲೆ ಇದೆ ಎಂದು ಕರಾರಿನಲ್ಲೇ ಬರೆಯದೆ ಹೋದರೆ, ಹೊಗೆಯಿಲ್ಲದ ಬಸ್ಸಿನಲ್ಲೂ ಹಳೆಯ ಕಾಯುವಿಕೆಯೇ ಮುಂದುವರಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಮಾರ್ಗದ ಹಣೆಬರಹದ ಅರ್ಧ ಪಾಲು ಡಿಪೋದ ಕೈಯಲ್ಲಿಲ್ಲ, ರಸ್ತೆಯಲ್ಲಿದೆ. ಇನ್ನೊಂದು ಲೆಕ್ಕ ಹಾಕೋಣ. ಇಪ್ಪತ್ತು ಕಿಲೋಮೀಟರ್ ಉದ್ದದ ಮಾರ್ಗ. ಹೋಗಿ ಬರಲು ನಲವತ್ತು. ಬಸ್ಸು ಗಂಟೆಗೆ 15 ಕಿಲೋಮೀಟರ್ ಓಡಿದರೆ 160 ನಿಮಿಷ, ತುದಿಗಳಲ್ಲಿ ಒಟ್ಟು 20 ನಿಮಿಷ ಬಿಡುವು, ಒಂದು ಸುತ್ತಿಗೆ 180 ನಿಮಿಷ. ಹತ್ತು ನಿಮಿಷಕ್ಕೊಂದು ಬಸ್ಸು ಬೇಕೆಂದರೆ 18 ಬಸ್ಸು ಸಾಕು. ವೇಗ 12 ಕಿಲೋಮೀಟರಿಗೆ ಇಳಿದರೆ ಸುತ್ತಿಗೆ 220 ನಿಮಿಷ. ಈಗ ಅದೇ ಸೇವೆಗೆ 22 ಬಸ್ಸು ಬೇಕು. ನಾಲ್ಕು ಬಸ್ಸು, ಅವುಗಳ ಎರಡೂ ಪಾಳಿಯ ಸಿಬ್ಬಂದಿ, ಎಲ್ಲವನ್ನೂ ಟ್ರಾಫಿಕ್ ನುಂಗಿತು. ಆ ನಾಲ್ಕು ಬಸ್ಸು ಕೊಡಲು ಆಗದಿದ್ದರೆ ಹತ್ತು ನಿಮಿಷದ ಬಸ್ಸು ಹನ್ನೆರಡು ನಿಮಿಷದ್ದಾಗುತ್ತದೆ. ನಗರ ಬಸ್ಸಿನ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳದ್ದು, ಅದು ಓಡುವುದು ಗಡಿಯಾರದ ಮೇಲೆ, ಕಿಲೋಮೀಟರ್ ಮೇಲಲ್ಲ. ನಿಂತ ಬಸ್ಸಿನೊಳಗೂ ಸಂಬಳ ಓಡುತ್ತಿರುತ್ತದೆ. ಕಿಲೋಮೀಟರಿನ ಖರ್ಚು ಏರಿತು ಎಂದು ನಿಗಮವನ್ನು ದೂರುವ ಮುಂಚೆ ರಸ್ತೆಯನ್ನು ಯಾರು ತುಂಬಿದರು ಎಂದು ಕೇಳಬೇಕು.

ಈ ಲೆಕ್ಕವನ್ನು ತಿರುಗಿಸಿ ಓದಿದರೆ ಪರಿಹಾರವೂ ಕಾಣುತ್ತದೆ. ಬಸ್ಸಿಗೊಂದು ಪ್ರತ್ಯೇಕ ಪಥ ಕೊಟ್ಟರೆ ಬಸ್ಸು ಕೊಳ್ಳದೆಯೇ ಬಸ್ಸು ಕೊಟ್ಟಂತೆ. 2019ರ ಕೊನೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಮತ್ತು ಕೆ.ಆರ್. ಪುರದ ನಡುವೆ ಇಂಥ ಆದ್ಯತಾ ಪಥ ಬಂತು. ಗೂಟ ನೆಟ್ಟು ಗಡಿ ಮಾಡಿದ ದಾರಿಯಲ್ಲಿ ಬಸ್ಸು ಮುಂದೆ ಹೋಗುವಾಗ ಪಕ್ಕದ ಕಾರಿನವರು ಕುಳಿತಲ್ಲೇ ನೋಡುತ್ತಿದ್ದರು. ಆ ಊರಿನಲ್ಲಿ ಅಪರೂಪದ ದೃಶ್ಯ. ಮುಂದೆ ಕೋವಿಡ್, ಮೆಟ್ರೊ ಕಾಮಗಾರಿಗಳ ನಡುವೆ ಆ ಪಥ ಕರಗಿಹೋಯಿತು. ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿಗೆ ಸುಮಾರು 22 ಕಿಲೋಮೀಟರ್ ದಾರಿಯ ಬಹುಭಾಗದಲ್ಲಿ ತನ್ನದೇ ಪಥ, ನಡುವೆ ನಿಲ್ದಾಣ, ಮೆಟ್ಟಿಲು ಹತ್ತದೆ ನೇರ ಒಳಗೆ ಕಾಲಿಡುವ ಕಟ್ಟೆ. ಅದರ ಬಗ್ಗೆ ತಕರಾರುಗಳು ಇಲ್ಲವೆಂದಲ್ಲ. ಆದರೆ ಬಸ್ಸಿನ ವೇಗ ದೈವೇಚ್ಛೆಯಲ್ಲ, ರಸ್ತೆಯನ್ನು ಹೇಗೆ ಹಂಚುತ್ತೇವೆ ಎಂಬ ನಿರ್ಧಾರ ಎಂಬುದನ್ನು ಉತ್ತರ ಕರ್ನಾಟಕದ ಎರಡು ಊರು ಕಣ್ಣೆದುರಿಗೆ ತೋರಿಸಿವೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಜನ ತುಂಬಿದ ಮಾರ್ಗಗಳ ಮಾತು. ಊರಾಚೆಯ ಹಳ್ಳಿಗೆ ರಾತ್ರಿ ಹೋಗಿ ಅಲ್ಲೇ ತಂಗಿ, ಬೆಳಿಗ್ಗೆ ಐದಕ್ಕೆ ಹೂವು ಸೊಪ್ಪಿನವರನ್ನು ಮಾರುಕಟ್ಟೆಗೆ ತರುವ ನೈಟ್ ಹಾಲ್ಟ್ ಬಸ್ಸಿಗೆ ಈ ಅಳತೆ ಹಿಡಿದರೆ ಮೋಸ. ಅದರಲ್ಲಿ ಇಪ್ಪತ್ತೇ ಜನ ಇರಬಹುದು. ಆ ಇಪ್ಪತ್ತು ಮಂದಿಗೆ ಬೇರೆ ಬಸ್ಸಿಲ್ಲ. ಅಂಥ ಮಾರ್ಗಕ್ಕೆ ಕೇಳಬೇಕಾದ ಪ್ರಶ್ನೆ ‘ಎಷ್ಟು ದುಡಿಯಿತು’ ಎಂದಲ್ಲ, ‘ಎಷ್ಟು ಅಂತರದಲ್ಲಿ ಬಂತು’ ಎಂದೂ ಅಲ್ಲ. ‘ಹೇಳಿದ ಹೊತ್ತಿಗೆ ಬಂತೇ? ಈ ತಿಂಗಳು ಎಷ್ಟು ದಿನ ತಪ್ಪಿಸಿತು?’ ಎಂಬುದಷ್ಟೇ. ದಿನಕ್ಕೆರಡು ಬಾರಿ ಬರುವ ಬಸ್ಸು ಒಂದು ದಿನ ತಪ್ಪಿದರೆ ಹೂವು ಬಾಡುತ್ತದೆ, ಪರೀಕ್ಷೆ ತಪ್ಪುತ್ತದೆ.

ಎರಡು ಬಗೆಯ ಮಾರ್ಗಗಳಿಗೆ ಎರಡು ಬಗೆಯ ನ್ಯಾಯ ಬೇಕು ಎಂಬುದನ್ನು ಸಾರಿಗೆ ಚಿಂತಕ ಜ್ಯಾರೆಟ್ ವಾಕರ್ ಬಹಳ ಸ್ಪಷ್ಟವಾಗಿ ವಾದಿಸಿದ್ದಾರೆ. ಒಂದಿಷ್ಟು ಬಸ್ಸನ್ನು ಹೆಚ್ಚು ಜನ ಹತ್ತಲೆಂದು ಓಡಿಸುತ್ತೇವೆ, ಒಂದಿಷ್ಟನ್ನು ಯಾರನ್ನೂ ಕೈಬಿಡಬಾರದೆಂದು ಓಡಿಸುತ್ತೇವೆ. ಎರಡೂ ಒಳ್ಳೆಯ ಗುರಿಗಳೇ, ಆದರೆ ಒಂದೇ ಬಸ್ಸಿನಿಂದ ಎರಡನ್ನೂ ಬಯಸಿದರೆ ಎರಡೂ ಕೆಡುತ್ತವೆ. ಅಮೆರಿಕದ ಹ್ಯೂಸ್ಟನ್ ನಗರ 2015ರ ಆಗಸ್ಟ್‌ನಲ್ಲಿ ತನ್ನ ಬಸ್ ಜಾಲವನ್ನು ಒಂದೇ ರಾತ್ರಿಯಲ್ಲಿ ಬದಲಿಸಿತು. ಅದಕ್ಕೆ ಮುಂಚೆ ಅಲ್ಲಿನ ಸಾರಿಗೆ ಮಂಡಳಿ ಒಂದು ಪಾಲು ನಿಗದಿ ಮಾಡಿತ್ತು: ಶೇಕಡಾ 80 ಸೇವೆ ಹೆಚ್ಚು ಜನರಿಗಾಗಿ, 20 ಎಲ್ಲರನ್ನೂ ತಲುಪಲಿಕ್ಕಾಗಿ. ಆ ಪಾಲು ನಮಗೆ ಹೊಂದಬೇಕಿಲ್ಲ. ಸ್ವಂತ ವಾಹನವಿಲ್ಲದವರೇ ಹೆಚ್ಚಿರುವ ನಮ್ಮ ಊರುಗಳಲ್ಲಿ ಎರಡನೆಯ ಪಾಲು ಹಿಗ್ಗಬೇಕೆಂದೇ ನನ್ನ ಅಭಿಪ್ರಾಯ. ಕಲಿಯಬೇಕಾದ್ದು ಬೇರೆ. ಆ ಪಾಲನ್ನು ಬಹಿರಂಗವಾಗಿ, ಹೊಣೆ ಹೊತ್ತವರು ನಿರ್ಧರಿಸಿದರು. ನಮ್ಮಲ್ಲಿ ಆ ನಿರ್ಧಾರ ಯಾವ ಸಭೆಯಲ್ಲೂ ಆಗುವುದಿಲ್ಲ. ಅದು ಡಿಪೋ ಮಟ್ಟದಲ್ಲಿ, ಬಸ್ಸಿನ ಕೊರತೆ ಬಿದ್ದ ಬೆಳಿಗ್ಗೆ, ‘ಯಾವ ಶೆಡ್ಯೂಲ್ ಬಿಡೋಣ’ ಎಂಬ ಪ್ರಶ್ನೆಯಾಗಿ ಬರುತ್ತದೆ. ಗದ್ದಲ ಮಾಡದವರ ಬಸ್ಸು ಹೋಗುತ್ತದೆ.

ಮಾರ್ಗಗಳ ಆಕಾರದ ಪ್ರಶ್ನೆಯೂ ಇದೆ. ಬೆಂಗಳೂರಿನ ಬಹುಪಾಲು ಹಳೆಯ ಮಾರ್ಗಗಳು ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆ, ಶಿವಾಜಿನಗರಗಳ ಕಡೆಗೆ ಹರಿಯುತ್ತವೆ. ಕೆಲಸಗಳು ಹೊರವರ್ತುಲಕ್ಕೆ ಹೋದ ಮೇಲೆ 500ರ ಸಾಲಿನ ಬಸ್ಸುಗಳು ಬಂದವು. ಒಂದು ನಂಬರಿನ ಬೆನ್ನಿಗೆ ಒಂದೊಂದೇ ಅಕ್ಷರ ಸೇರಿ 500-ಡಿ, 335-ಇ ಎಂದು ಮಾರ್ಗಗಳು ಕವಲೊಡೆದಿವೆ. ಪ್ರತಿ ಅಕ್ಷರದ ಹಿಂದೆ ಯಾವುದೋ ಬಡಾವಣೆಯ ಮನವಿ ಇದೆ, ‘ನಮ್ಮ ಮನೆ ಬಾಗಿಲಿಂದ ನೇರ ಬಸ್ಸು’ ಎಂಬ ಆಸೆ ಇದೆ. ನೇರ ಬಸ್ಸು ಹೆಚ್ಚಾದಷ್ಟೂ ಪ್ರತಿಯೊಂದೂ ವಿರಳವಾಗುತ್ತದೆ. ಬಸ್ ಬದಲಿಸುವುದಕ್ಕೆ ಜನ ಹೆದರುವುದು ಸಹಜ: ಎರಡನೇ ಟಿಕೆಟ್, ಎರಡನೇ ಕಾಯುವಿಕೆ. ಶಕ್ತಿ ಬಂದ ಮೇಲೆ ಮಹಿಳೆಯರ ಪಾಲಿಗೆ ಎರಡನೇ ಟಿಕೆಟ್ಟಿನ ಭಯ ಹೋಗಿದೆ; ಉಳಿದಿರುವುದು ಎರಡನೇ ಕಾಯುವಿಕೆಯ ಭಯ ಮಾತ್ರ. ಅದನ್ನು ಐದು ನಿಮಿಷಕ್ಕೆ ಇಳಿಸಿ, ಗಂಡಸರಿಗೂ ಒಂದು ಗಂಟೆಯೊಳಗೆ ಬಸ್ ಬದಲಿಸಲು ಒಂದೇ ಟಿಕೆಟ್ ಸಾಕು ಎಂದು ಮಾಡಿದರೆ, ನೂರು ವಿರಳ ಮಾರ್ಗಗಳ ಬದಲು ಮೂವತ್ತು ದಟ್ಟ ಮಾರ್ಗಗಳಿಂದ ಊರು ಹೆಚ್ಚು ಕಡೆ ತಲುಪಬಹುದು. ಆದರೆ ಈ ಕೆಲಸ ಕೊನೆಯದು. ಅಂತರ ಕಾಯ್ದುಕೊಳ್ಳಲು ಬಾರದ ವ್ಯವಸ್ಥೆ ನೇರ ಬಸ್ಸನ್ನು ಕಿತ್ತುಕೊಂಡರೆ ಜನ ಎರಡು ಕಡೆ ಕಾಯಬೇಕಾಗುತ್ತದೆ. ನಂಬಿಕೆ ಮೊದಲು, ನಕ್ಷೆ ಆಮೇಲೆ.

ಇದಕ್ಕೆಲ್ಲ ಒಂದು ಗಟ್ಟಿ ಆಕ್ಷೇಪವಿದೆ, ಅದು ಬರುವುದು ಸಾರಿಗೆ ಸಂಸ್ಥೆಯ ಒಳಗಿನಿಂದಲೇ. ‘ಊರಿಗೆ ಬೇಕಾದಷ್ಟು ಬಸ್ಸೇ ಇಲ್ಲ. ಹಸಿದವನಿಗೆ ಅನ್ನ ಕೊಡದೆ ಎಲೆ ಹೇಗೆ ಹಾಸಬೇಕೆಂದು ಪಾಠ ಹೇಳುತ್ತೀರಾ?’ ಬಸ್ಸು ಸಾಲದೆಂಬುದು ನಿಜ, ಇನ್ನಷ್ಟು ಬಸ್ಸು ಬೇಕೆಂಬುದೂ ನಿಜ. ಆದರೆ ಮೇಲಿನ ಲೆಕ್ಕ ಮತ್ತೆ ನೋಡಿ. ಜೋಡಿಯಾಗಿ ಓಡಿದ ಆರು ಬಸ್ಸು ಜನರಿಗೆ ಕೊಟ್ಟ ಕಾಯುವಿಕೆ 8.2 ನಿಮಿಷ. ಸಮ ಅಂತರದಲ್ಲಿ ಗಂಟೆಗೆ ನಾಲ್ಕೇ ಬಸ್ಸು ಓಡಿಸಿದ್ದರೂ ಅದು 7.5 ನಿಮಿಷ. ಅಂದರೆ ಆ ಮಾರ್ಗದಲ್ಲಿ ಎರಡು ಬಸ್ಸು ರಸ್ತೆಯ ಮೇಲಿದ್ದೂ, ಕಾಯುವವರ ಪಾಲಿಗೆ ಇಲ್ಲವಾಗಿದ್ದವು. ತೂತು ಕೊಡಕ್ಕೆ ಇನ್ನೆರಡು ಬಿಂದಿಗೆ ನೀರು ಸುರಿಯುವ ಮುಂಚೆ ತೂತು ಮುಚ್ಚಿ ಎನ್ನುವುದು ಅನ್ನ ಬೇಡ ಎಂದಂತಲ್ಲ. ಹೊಸ ಬಸ್ಸು ಕೇಳಲು ನೈತಿಕ ಬಲ ಬರುವುದೂ ಆಗಲೇ.

ಹಣದ ಆಕ್ಷೇಪಕ್ಕೂ ಇದೇ ಉತ್ತರ. ಗಳಿಕೆಯ ಅಂಕಿಯನ್ನು ಎಸೆಯಿರಿ ಎಂದು ಯಾರೂ ಹೇಳುತ್ತಿಲ್ಲ. ಅದು ಬ್ಯಾಂಕಿನ ಪಾಸ್‌ಬುಕ್ ಇದ್ದಂತೆ, ಮನೆಗೆ ಬೇಕು. ಆದರೆ ಪಾಸ್‌ಬುಕ್ ನೋಡಿ ಮಗುವಿನ ಆರೋಗ್ಯ ನಿರ್ಧರಿಸುವುದಿಲ್ಲ. ಪ್ರತಿ ಮಾರ್ಗಕ್ಕೂ ತಿಂಗಳಿಗೊಮ್ಮೆ ಒಂದು ಪುಟದ ಪತ್ರ ಸಾಕು: ಜನ ಎಷ್ಟು ಕಾಯಬೇಕಿತ್ತು, ಎಷ್ಟು ಕಾದರು, ಎಷ್ಟು ಟ್ರಿಪ್ ಹೇಳಿದ್ದೆವು, ಎಷ್ಟು ಓಡಿಸಿದೆವು, ಎಷ್ಟು ಮಂದಿ ನಿಂತು ಹೋದರು, ಬಸ್ಸು ಯಾವ ಸಿಗ್ನಲ್ಲಿನಲ್ಲಿ ಎಷ್ಟು ಹೊತ್ತು ಕಳೆಯಿತು, ಕೊನೆಗೆ ಗಳಿಕೆ, ಖರ್ಚು. ಸಿಗ್ನಲ್ಲಿನ ಸಾಲು ಸಂಚಾರ ಪೊಲೀಸರಿಗೆ, ರಸ್ತೆಯ ಸಾಲು ಪಾಲಿಕೆಗೆ, ಟ್ರಿಪ್ಪಿನ ಸಾಲು ಡಿಪೋಗೆ. ಆ ಪುಟವನ್ನು ಡಿಪೋ ಮ್ಯಾನೇಜರರ ಮೇಜಿನ ಮೇಲೂ ಅಂಟಿಸಬೇಕು, ಸ್ಟಾಪಿನ ಕಂಬಕ್ಕೂ ಅಂಟಿಸಬೇಕು. ಹೊಣೆ ಯಾರದೆಂದು ಆಗ ಕಾದು ನಿಂತವರಿಗೂ ತಿಳಿಯುತ್ತದೆ.

ಅಷ್ಟಾದ ಮೇಲೂ ಆ ಒಬ್ಬ ಮನುಷ್ಯ, ಷೇರ್ ಆಟೋ ಹತ್ತಿ ಹೋದವನು, ಯಾವ ಯಂತ್ರದಲ್ಲೂ ದಾಖಲಾಗುವುದಿಲ್ಲ. ಅವನ ಲೆಕ್ಕ ಬೇಕೆಂದರೆ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಒಬ್ಬರು ಪೆನ್ನು ಪುಸ್ತಕ ಹಿಡಿದು ಸ್ಟಾಪಿನಲ್ಲಿ ನಿಲ್ಲಬೇಕು. ಬಂದವರೆಷ್ಟು, ಹತ್ತಿದವರೆಷ್ಟು, ಹತ್ತದೆ ಹೋದವರೆಷ್ಟು ಎಂದು ಗೀಟು ಹಾಕಬೇಕು. ವರ್ಷಕ್ಕೆರಡು ಸಲ, ದೊಡ್ಡ ಸ್ಟಾಪುಗಳಲ್ಲಾದರೂ. ಮಾರ್ಗ ಸುಧಾರಿಸುತ್ತಿದೆಯೇ ಎಂದು ತಿಳಿಯಲು ಅದಕ್ಕಿಂತ ಸುಲಭದ ಒಂದು ಗುರುತೂ ಅಲ್ಲೇ ಕಾಣಸಿಗುತ್ತದೆ. ತುಂಬಿದ ಬಸ್ಸಿನ ಕಂಡಕ್ಟರು “ಹಿಂದ್ಗಡೆ ಖಾಲಿ ಬರ್ತಾ ಇದೆ” ಎಂದು ಕೂಗಿದಾಗ, ಮೆಟ್ಟಿಲ ಮೇಲಿಟ್ಟ ಕಾಲನ್ನು ಎಷ್ಟು ಮಂದಿ ಹಿಂದೆ ತೆಗೆಯುತ್ತಾರೆ ಎಂದು ನೋಡಿದರೆ ಸಾಕು.